ಹಲ್ಲಣ ಹೊಲಿಯುವ ಸೆಲ್ವಿಯೆ ಹೆಸರು ಬಿಡಲೊಲ್ಲಳು

"ನಿನ್ನಪ್ಪ ಕತ್ತೆ ಅಂತ ಊರಿಗೆಲ್ಲ ಗೊತ್ತು. ಅದನ್ನ ನೀನು ದಿನಾ ತೋರಿಸ್ಬೇಕಾಗಿಲ್ಲ. ಸುಮ್ನೆ ನಿಂತ್ಕೋ."

ಬೆಳಗಿನ ಜಾವ ಎಲ್ಬಸಾನ್ ಪೇಟೆಯಲ್ಲಿ ಸೆಲ್ವಿಯೆ ಸಮರ್ಜಿ ಹೀಗೆ ಗದರುತ್ತಿರುವುದು ಒಂದು ಹೇಸರಗತ್ತೆಯನ್ನು. ಅದು ಕಿವಿ ಹಿಂದಕ್ಕೆ ಮಡಚಿ, ಕಾಲು ಬದಲಿಸಿ, ಕೊನೆಗೆ ಸೋತು ನಿಲ್ಲುತ್ತದೆ. ಆಕೆ ಅದರ ಬೆನ್ನಿನ ಮೇಲೆ ಎರಡೂ ಅಂಗೈ ಊರಿ ಹೆಗಲಿನಿಂದ ಸೊಂಟದವರೆಗೆ ಒತ್ತುತ್ತಾ ಹೋಗುತ್ತಾಳೆ. ಎಲುಬು ಎಲ್ಲಿ ಎದ್ದಿದೆ, ಮಾಂಸ ಎಲ್ಲಿ ತಗ್ಗಿದೆ ಎಂಬುದು ಕೈಗೇ ತಿಳಿಯಬೇಕು, ಅಳತೆಪಟ್ಟಿಗೆ ತಿಳಿಯುವುದಿಲ್ಲ. ಎಡಗಡೆ ಪಕ್ಕೆಯ ಮೇಲೆ ಕೈ ನಿಲ್ಲುತ್ತದೆ.

"ಇಲ್ಲಿ ಹುಣ್ಣಾಗಿದೆ. ಹಳೇ ಹಲ್ಲಣ ಹೊಲಿದ ಪುಣ್ಯಾತ್ಮ ಯಾರು?"

"ನೀನೇ," ಎನ್ನುತ್ತಾನೆ ಸ್ತಾವ್ರೆ. ಹೇಸರಗತ್ತೆಯ ಒಡೆಯನಾದ ಈ ಮುದುಕ ಗುಡ್ಡದ ಹಳ್ಳಿಯಿಂದ ಕತ್ತಲಲ್ಲೇ ಇಳಿದು ಬಂದಿದ್ದಾನೆ.

"ಹಂಗಾದ್ರೆ ನೀನು ಸೌದೆ ಒಂದೇ ಕಡೆ ಹೇರಿದೀಯ."

ಸ್ತಾವ್ರೆ ಸಿಗರೇಟು ಹಚ್ಚುತ್ತಾನೆ. ಸೌದೆ ಒಂದೇ ಕಡೆ ಹೇರಿದ್ದು ನಿಜವೇ ಇರಬೇಕು.

ಹೇರು ಹೊರುವ ಹಲ್ಲಣಕ್ಕೆ ನಮ್ಮಲ್ಲಿ ‘ಸಮರ್’ ಅನ್ನುತ್ತೇವೆ. ಅದನ್ನು ಮಾಡುವವನು ಸಮರ್ಜಿ. ಸೆಲ್ವಿಯೆಯ ಮನೆತನದ ಹೆಸರು ಅದೇ, ಕಸುಬೂ ಅದೇ. ಇದರಲ್ಲೇನು ಮಹಾ ಅನ್ನುವವರು ಒಮ್ಮೆ ಈ ಬೀದಿಯ ಉದ್ದಕ್ಕೂ ನಡೆದು ನೋಡಬೇಕು.

ಪಕ್ಕದ ಅಂಗಡಿ ಲುತ್ಫಿ ತಬಾಕುವಿನದು. ತಬಾಕು ಅಂದರೆ ಚರ್ಮ ಹದ ಮಾಡುವವನು. ಲುತ್ಫಿಯ ಮುತ್ತಜ್ಜ ಹೊಳೆದಂಡೆಯಲ್ಲಿ ತೊಗಲು ನೆನೆಹಾಕಿದರೆ ಜನ ಮೂಗು ಮುಚ್ಚಿಕೊಂಡು ಓಡುತ್ತಿದ್ದರಂತೆ. ಲುತ್ಫಿ ಈಗ ಅತ್ತರು ಮಾರುತ್ತಾನೆ. ಎದುರಿಗಿನ ದೆರ್ವಿಷಿ ಮನೆತನದ ಹಿರಿಯರು ಲೌಕಿಕ ಬಿಟ್ಟ ಫಕೀರರು. ಅವರ ಕುಡಿ ಬೆಳಿಗ್ಗೆಯೇ ಗಾಜಿನ ಲೋಟಕ್ಕೆ ರಾಕಿ ಸಾರಾಯಿ ಸುರಿಯುತ್ತಾನೆ, ಊರಿನ ಅರ್ಧ ಗಂಡಸರು ಲೌಕಿಕ ಮರೆಯುವುದು ಅವನ ಬಾಗಿಲಲ್ಲೇ. ತೆರ್ಜಿ ಅಂದರೆ ದರ್ಜಿ. ಆ ಮನೆಯವನು ಹಲ್ಲಿನ ಡಾಕ್ಟರು. "ಅವನು ಹೊಲಿಗೆ ಬಿಟ್ಟಿಲ್ಲ ಕಣಯ್ಯ, ಬಟ್ಟೆ ಬಿಟ್ಟಿದಾನೆ ಅಷ್ಟೆ," ಎಂದು ಸೆಲ್ವಿಯೆ ತನ್ನ ದವಡೆ ಸವರಿಕೊಳ್ಳುತ್ತಾಳೆ. ತೊಪಾಲ್ಲಿ ಅಂದರೆ ಕುಂಟ. ಯಾವ ಕಾಲದಲ್ಲೋ ಒಬ್ಬ ಹಿರಿಯ ಕಾಲೆಳೆದುಕೊಂಡು ನಡೆದ, ಈಗ ಆ ಮನೆಯ ಹುಡುಗಿ ಓಟದಲ್ಲಿ ಪದಕ ಗೆದ್ದರೂ ಧ್ವನಿವರ್ಧಕದಲ್ಲಿ ಕೂಗುವುದು ಅದೇ ಹೆಸರು. ದಿಬ್ರಾ ಮನೆಯವರು ದಿಬ್ರ ಸೀಮೆಯಿಂದ ವಲಸೆ ಬಂದು ತಲೆಮಾರುಗಳೇ ಕಳೆದವು, ಈಗಲೂ ಯಾರಾದರೂ "ಊರಿಗೆ ಹೋಗಿದ್ರಾ?" ಅಂತ ಕೇಳುತ್ತಾರೆ. ಗ್ಯೋನಿ, ಮಾರ್ಕು, ಲೇಕಾ ಎಂಬ ಹೆಸರಿನ ಹಿಂದೆ ಆಯಾ ಹೆಸರಿನ ಒಬ್ಬೊಬ್ಬ ಅಜ್ಜ ಇದ್ದಾನೆ. ಬಡಗಣ ಬೆಟ್ಟದವರದು ಇನ್ನೊಂದು ಬಗೆ. ಅಲ್ಲಿ ಕುಲದ ಹೆಸರೇ ಮನೆಯ ಹೆಸರು. ಶಾಲಾ ಕುಲದವರು ಶಾಲಾದಿಂದ, ಹೋತಿ ಕುಲದವರು ಹೋತಿಯಿಂದ ಹೆಣ್ಣು ತರುವಂತಿಲ್ಲ.

ಈ ಇಡೀ ಬೀದಿಯಲ್ಲಿ ಹೆಸರಿಗೂ ಕೈಗೂ ನಂಟು ಉಳಿದಿರುವುದು ಸೆಲ್ವಿಯೆಯೊಬ್ಬಳಲ್ಲಿ. ಎಲೆಮರೆಯ ಕಾಯಿ ಅಂತ ಆಕೆಯನ್ನು ಕರೆಯಲು ನಾಲಿಗೆ ಏಳುವುದಿಲ್ಲ. ಮರೆಯಲ್ಲೆಲ್ಲಿದ್ದಾಳೆ? ನಟ್ಟನಡು ಪೇಟೆಯಲ್ಲಿ, ಬಾಗಿಲು ತೆರೆದುಕೊಂಡು ಕೂತಿದ್ದಾಳೆ. ನೋಡದೆ ಹೋಗುವವರ ಕಣ್ಣಿಗೆ ಏನಾಗಿದೆಯೋ ಅವರನ್ನೇ ಕೇಳಬೇಕು.

ಹುಟ್ಟಿದಾರಭ್ಯ ಈ ಹೆಸರು ಆಕೆಗೆ ಹೂವಾಗಿಯೇನೂ ಬಂದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ ಸಮರ್ಜಿ ಅಂದರೆ ಸಾಕು, ಹಿಂದಿನ ಬೆಂಚಿನಿಂದ ಕತ್ತೆಯ ಕೂಗು ಏಳುತ್ತಿತ್ತು. "ನನ್ನ ತಮ್ಮ ನಜ್ಮಿ ಅಳ್ತಾ ಮನೆಗೆ ಓಡ್ತಿದ್ದ. ನಾನು ಕೂಗಿದವನ ಕಿವಿ ಹಿಂಡಿ ಆಮೇಲೆ ಹೋಗ್ತಿದ್ದೆ. ಇಬ್ಬರಿಗೂ ಮನೇಲಿ ಬೈಗುಳ ಬೀಳ್ತಿತ್ತು, ಅವನಿಗೆ ಅತ್ತಿದ್ದಕ್ಕೆ, ನನಗೆ ತಡ ಆಗಿದ್ದಕ್ಕೆ."

ಅಪ್ಪ ಸರ್ಕಾರಿ ಸಹಕಾರ ಸಂಘದಲ್ಲಿ ಹಲ್ಲಣ ಕಟ್ಟುತ್ತಿದ್ದ. ಅವನ ಬೆರಳುಗಳು ವಾತದಿಂದ ಸೆಟೆದುಕೊಂಡಾಗ ದಬ್ಬಣ ಹಿಡಿಯಲು ಮಗ ಒಲ್ಲೆ ಅಂದ, ಮಗಳು ಹಿಡಿದಳು. ಅಮ್ಮ ಹೈರಿಯೆ ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ತೀಡಿಕೊಟ್ಟಳು. ಹೇಸರಗತ್ತೆ ತರುವ ಗಂಡಸರ ನಡುವೆ ಹರೆಯದ ಹುಡುಗಿ ಕೂರುವುದೇ ಎಂದು ಬಂಧುಗಳು ಮುಖ ಸೊಟ್ಟಗೆ ಮಾಡಿದರು. ಮದುವೆಯಾದಾಗ ಇನ್ನೊಂದು ರಾದ್ಧಾಂತ. ಗಂಡನ ಮನೆತನದ ಹೆಸರು ಕುಚಿ, ಅಂದರೆ ಕೆಂಪನೆಯವನು. ಬಸ್ಸಿನ ಡ್ರೈವರ್, ಒಳ್ಳೆಯ ಮನುಷ್ಯ, ಈಗಿಲ್ಲ. ಅವನ ಹೆಸರು ತೆಗೆದುಕೋ ಎಂದು ಅತ್ತೆ ಹಟ ಹಿಡಿದಾಗ ಸೊಸೆ ಕನ್ನಡಿ ತರಿಸಿ ನೋಡಿಕೊಂಡಳಂತೆ. "ಕೂದಲು ಕಪ್ಪು, ಮುಖ ಕಪ್ಪು. ಎಲ್ಲಿಂದ ಕೆಂಪಗಾಗ್ಲಿ ಅತ್ತೆ, ಅಂದೆ. ಹೆಣ್ಣು ಹೆಸರು ಬಿಟ್ಟು ಹೋಗೋಳು, ಗಂಡು ಮನೆ ಕಂಬ, ಹೆಸರು ಉಳಿಸೋನು ಅವನೇ ಅಂದ್ರು. ನಮ್ಮ ಮನೆ ಕಂಬ ಏನ್ ಮಾಡ್ತು ನೋಡಿ ಆಮೇಲೆ."

ಒಂದು ಕಾಲಕ್ಕೆ ವಾರಕ್ಕೆ ಮೂರು ಹಲ್ಲಣ ಹೊರಬೀಳುತ್ತಿದ್ದ ಅಂಗಡಿ ಇದು. ಈಗ ತಿಂಗಳಿಗೆ ಎರಡಾದರೆ ಹೆಚ್ಚು, ಉಳಿದದ್ದೆಲ್ಲ ರಿಪೇರಿ. ಗುಡ್ಡಕ್ಕೆ ರಸ್ತೆ ಹೋದಲ್ಲೆಲ್ಲ ಪಿಕಪ್ ಗಾಡಿಯೂ ಹೋಗಿದೆ. ಊರಿನ ಹಳೆಯ ಕೋಟೆ ನೋಡಲು ಬರುವ ಪ್ರವಾಸಿಗರು ಗೋಡೆಗೆ ನೇತುಹಾಕಲು ಅಂಗೈಯಗಲದ ಹಲ್ಲಣ ಕೇಳುತ್ತಾರೆ, ಒಳ್ಳೆಯ ದುಡ್ಡನ್ನೂ ಕೊಡುತ್ತಾರೆ. ಸೆಲ್ವಿಯೆ ಮಾಡಿಕೊಡುವುದಿಲ್ಲ. "ಬೆನ್ನಿಲ್ಲದ ಹಲ್ಲಣ ನಾನು ಹೊಲಿಯಲ್ಲ," ಅನ್ನುತ್ತಾಳೆ. ರೈ ಧಾನ್ಯದ ಹುಲ್ಲನ್ನು ಹಲ್ಲಣದೊಳಕ್ಕೆ ತುರುಕಿ, ಮೊಣಕಾಲಿನಿಂದ ಒತ್ತಿ, ಮತ್ತೆ ತುರುಕುತ್ತಾಳೆ. ಅರವತ್ತು ದಾಟಿದ ಮೊಣಕಾಲು ಅದು, ನೋಯುತ್ತದೆ.

ನಜ್ಮಿಯ ಕಥೆ ಹೇಳದೆ ಈಕೆಯ ಕಥೆ ಹೇಳಲಾಗದು. ಮುಚ್ಚಿದ್ದ ದೇಶದ ಗಡಿ ತೆರೆದ ವರ್ಷ ಅವನು ಎಲ್ಲರಂತೆ ನಡೆದೇ ಗ್ರೀಸಿಗೆ ಹೋದ. ಕೆಲಸ ಸಿಗಲೆಂದು ಎಲ್ಲರಂತೆ ಗ್ರೀಕ್ ಹೆಸರಿಟ್ಟುಕೊಂಡು ಯೋರ್ಗೊ ಆದ. ಆಲಿವ್ ತೋಟದ ಯಜಮಾನ ಒಮ್ಮೆ ನಿನ್ನ ಮನೆತನದ ಹೆಸರಿನ ಅರ್ಥವೇನು ಅಂತ ಕೇಳಿದಾಗ ಹುಡುಗ ಪೆದ್ದುಪೆದ್ದಾಗಿ ನಿಜ ಹೇಳಿಬಿಟ್ಟ. ಅವತ್ತಿನಿಂದ ಭಾರದ ಮೂಟೆ ಬಂದಾಗಲೆಲ್ಲ "ಹಲ್ಲಣದವನನ್ನ ಕರೀರಿ" ಅಂತ ಕೂಗು, ಸುತ್ತ ನಗು. ಹದಿನೈದು ವರ್ಷ ಹಾಗೆ ಹೊತ್ತು, ಉಳಿಸಿ, ಊರಿಗೆ ಬಂದು ಹೋಟೆಲ್ ಕಟ್ಟಿಸಿದ. ಮೊದಲು ಮಾಡಿದ ಕೆಲಸ ಹೆಸರು ಬದಲಾಯಿಸಿದ್ದು. ಈಗ ಅವನು ನಜ್ಮಿ ಅರ್ಬೇರಿ. ಅರ್ಬೇರಿ ಅಂದರೆ ನಮ್ಮ ದೇಶಕ್ಕೇ ಇದ್ದ ಹಳೆಯ ಹೆಸರು.

"ಇಡೀ ದೇಶಾನೇ ಹೆಸರಿಗೆ ಕಟ್ಕೊಂಡಿದಾನೆ. ಹೊರೋಕೆ ಹಲ್ಲಣ ಬೇಡ್ವಾ?" ಎಂದು ಅಕ್ಕ ನಕ್ಕಳು. ಆಗ ನಗಬಹುದಿತ್ತು. ಹೆಸರು ಅವನದು, ಬದಲಾಯಿಸಿಕೊಳ್ಳಲಿ.

ಹೋದ ವರ್ಷ ಚಳಿ ಇಳಿಯುವ ಹೊತ್ತಿಗೆ ಅಮ್ಮ ಹೈರಿಯೆ ತೀರಿಕೊಂಡಳು. ಆಮೇಲೆ ಆದದ್ದಕ್ಕೆ ನಗಲು ಬರಲಿಲ್ಲ.

ನಮ್ಮ ಊರಲ್ಲಿ ಸಾವಿನ ಸುದ್ದಿ ಓಡಾಡುವುದು ಗೋಡೆಗಳ ಮೇಲೆ. ಸತ್ತವರ ಪಟ, ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು ಅಚ್ಚು ಹಾಕಿಸಿ ಕಂಬಗಳಿಗೆ, ಮೂಲೆಗಳಿಗೆ, ಬ್ರೆಡ್ ಅಂಗಡಿಯ ಬಾಗಿಲಿಗೆ ಅಂಟಿಸುತ್ತಾರೆ. ಬೆಳಿಗ್ಗೆ ಬ್ರೆಡ್ಡು ತರಲು ಹೋದವರು ಗೋಡೆ ಓದಿಯೇ ಮನೆಗೆ ಮರಳುವುದು. ಮಗನಾದ ನಜ್ಮಿ ಚೀಟಿ ಅಚ್ಚು ಹಾಕಿಸಿದ. ‘ಹೈರಿಯೆ ಅರ್ಬೇರಿ’ ಅಂತ ಹಾಕಿಸಿದ. ತಲೆವಸ್ತ್ರ ಕಟ್ಟಿದ ಅಮ್ಮನ ಪಟ ಹಳ್ಳಿಯವರದಂತೆ ಕಾಣುತ್ತದೆಂದು ಅದನ್ನೂ ಬಿಟ್ಟ. ಅಮ್ಮನ ಹೆಣವನ್ನು ಮಲಗಿಸಿದ್ದು ಅವನ ಮನೆಯಿದ್ದ ಹೊಸ ಕಟ್ಟಡದ ಐದನೇ ಮಹಡಿಯಲ್ಲಿ.

ನಜ್ಮಿಯನ್ನು ಈಗಲೂ ಸಮರ್ಜಿಯೆಂದೇ ಕರೆಯುವ ಪೇಟೆಯ ಜನ ಬೆಳಿಗ್ಗೆ ಚೀಟಿ ಓದಿದರು. ಅರ್ಬೇರಿಯಂತೆ, ಯಾರೋ ಪಾಪ, ಹೊರಗಿನವರು ಇರಬೇಕು ಅಂದುಕೊಂಡು ಮುಂದೆ ಹೋದರು.

ಮೇಲೆ ಗಂಡಸರ ಕೋಣೆಯಲ್ಲಿ ಕುರ್ಚಿಗಳು ಸಾಲಾಗಿ ಕಾದವು. ಮೇಜಿನ ಮೇಲೆ ಸಿಗರೇಟು ಜೋಡಿಸಿಟ್ಟಿತ್ತು. ಸಕ್ಕರೆ ಹಾಕದ ಕಾಫಿ ಕುದಿದು ಕುದಿದು ಗಸಿಯಾಯಿತು. ಕಟ್ಟಡದ ಮೂವರು ನೆರೆಯವರು ಬಂದು ಕೈ ಕುಲುಕಿ ಹೋದದ್ದು ಬಿಟ್ಟರೆ ಬಾಗಿಲಲ್ಲಿ ನಿಂತ ನಜ್ಮಿಯ ಕೈ ಹಿಡಿಯುವವರಿಲ್ಲ. ಹೆಂಗಸರ ಕೋಣೆಯಲ್ಲಿ ಹೆಣದ ತಲೆಯ ಬಳಿ ಸೆಲ್ವಿಯೆ, ತಮ್ಮನ ಹೆಂಡತಿ, ಇಬ್ಬರೇ. ಎಂಬತ್ತನಾಲ್ಕು ವರ್ಷ ಬದುಕಿ, ಈ ಊರಿನ ಎಲ್ಲ ಸಾವಿಗೂ ಹೋಗಿ ಅತ್ತು ಬಂದ ಹೆಂಗಸಿಗೆ ಅಳುವವರು ಬರಲಿಲ್ಲ.

"ನನಗೆ ಮೊದಲು ಪೇಟೆ ಮೇಲೇ ಸಿಟ್ಟು ಬಂತು. ಆಮೇಲೆ ಕಿಟಕಿಯಿಂದ ಕೆಳಗೆ ನೋಡಿದೆ. ಕಂಬದ ಮೇಲೆ ಚೀಟಿ. ಲುತ್ಫಿ ಅದರ ಮುಂದೇನೇ ಸಿಗರೇಟು ಸೇದ್ತಾ ನಿಂತಿದಾನೆ. ನಮ್ಮಮ್ಮನ ಕೈಯಲ್ಲಿ ಊಟ ಮಾಡಿ ಬೆಳೆದವನು. ಓದಿದ, ಹೋದ."

ಆ ದಿನ ಮಗಳು ಹೆಣದ ಬಳಿಯಿಂದ ಏಳಬಾರದು. ಸೆಲ್ವಿಯೆ ಎದ್ದಳು. ತೊಗಲಿನ ಮೇಲೆ ಗುರುತು ಹಾಕುವ ನೀಲಿ ಬಳಪ ಅವಳ ಕೋಟಿನ ಜೇಬಿನಲ್ಲೇ ಇತ್ತು. ಮೊದಲ ಕಂಬದಲ್ಲಿ ಅರ್ಬೇರಿಗೆ ಅಡ್ಡಗೆರೆ ಎಳೆದು ‘ಸಮರ್ಜಿ’ ಎಂದು ದಪ್ಪಗೆ ಬರೆದಳು. ತಲೆಗೆ ಕಪ್ಪು ವಸ್ತ್ರ ಕಟ್ಟಿ, ಮನೆಯೊಳಗಿನ ಚಪ್ಪಲಿಯಲ್ಲೇ, ಕಂಬದಿಂದ ಕಂಬಕ್ಕೆ ನಡೆದಳು. ಬ್ರೆಡ್ ಅಂಗಡಿಯ ಮುಂದೆ ಲುತ್ಫಿ ಎದುರಾದ.

"ಏನಕ್ಕಾ ಇದು, ಸತ್ತವರ ಚೀಟಿ ಮೇಲೆ ಗೀಚ್ತಿದೀಯ? ಯಾರು ಸತ್ತಿದ್ದು?"

"ಓದು."

ಅವನು ಓದಿದ. ತಲೆ ಚಚ್ಚಿಕೊಂಡ. "ಬೆಳಿಗ್ಗೆಯಿಂದ ನಾಲ್ಕು ಸಲ ಇದರ ಮುಂದೆ ಓಡಾಡಿದೀನಿ, ಅಕ್ಕಾ," ಎಂದವನೇ ಹೋಗಿ ತನ್ನ ಅಂಗಡಿಯ ಶಟರು ಎಳೆದ. ದೆರ್ವಿಷಿ ಲೋಟ ಕವುಚಿಟ್ಟ. ಹಲ್ಲಿನ ಡಾಕ್ಟರು ಬಾಯಿ ತೆರೆದಿದ್ದ ರೋಗಿಗೆ ನಾಳೆ ಬಾ ಅಂದ. ಮಧ್ಯಾಹ್ನದೊಳಗೆ ಐದನೇ ಮಹಡಿಯ ಮೆಟ್ಟಿಲಲ್ಲಿ ನಿಲ್ಲಲು ಜಾಗವಿರಲಿಲ್ಲ. ಗುಡ್ಡದಿಂದ ಬಂದ ಸ್ತಾವ್ರೆ ಹೇಸರಗತ್ತೆಯನ್ನು ಹೊಸ ಕಟ್ಟಡದ ಗೇಟಿಗೇ ಕಟ್ಟಿದ, ಕಾವಲುಗಾರ ತಡೆಯಲಿಲ್ಲ. ನಜ್ಮಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಹಿಡಿದು ಅತ್ತ. ಆದರೆ ಅಕ್ಕನೊಡನೆ ಮಾತಾಡಲಿಲ್ಲ.

ಮಣ್ಣು ಕೂತ ಮೇಲೆ ಸಮಾಧಿಗೆ ಕಲ್ಲು ನಿಲ್ಲಿಸುವುದು ವಾಡಿಕೆ. ಭಾನುವಾರ ಆ ಕಲ್ಲು ನಿಲ್ಲಬೇಕು. ಅದರ ಮೇಲೆ ಏನು ಕೆತ್ತಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕೆತ್ತಿದ ಮೇಲೆ ನೀಲಿ ಬಳಪದಿಂದ ತಿದ್ದಲು ಬರುವುದಿಲ್ಲ. ಈ ವಾರವೆಲ್ಲ ಸೆಲ್ವಿಯೆ ಸಿಡಿಮಿಡಿಗುಟ್ಟುತ್ತಿರುವುದಕ್ಕೆ ಕಾರಣ ಇದು, ಹೇಸರಗತ್ತೆಯಲ್ಲ.

ಬಿಸಿಲೇರುವ ಹೊತ್ತಿಗೆ ನಜ್ಮಿ ಬರುತ್ತಾನೆ. ಒಳ್ಳೆಯ ಕೋಟು, ಬೆಳ್ಳಗಾದ ಮೀಸೆ. ಹೊಸ್ತಿಲಲ್ಲೇ ನಿಲ್ಲುತ್ತಾನೆ. ಸ್ತಾವ್ರೆ ಎದ್ದು ಜಾಗ ಬಿಟ್ಟರೂ ಕೂರುವುದಿಲ್ಲ.

"ಕಲ್ಲಿನವನು ಫೋನ್ ಮಾಡ್ತಿದಾನೆ ಅಕ್ಕ. ಬರೀ ಹೈರಿಯೆ ಅಂತ ಕೆತ್ತಿಸೋಣ. ನಿನ್ನದೂ ಬೇಡ, ನನ್ನದೂ ಬೇಡ."

"ಯಾವ ಹೈರಿಯೆ?" ಸೆಲ್ವಿಯೆ ತಲೆ ಎತ್ತುವುದಿಲ್ಲ. "ಒಂದ್ಸಲ ಅಮ್ಮನ್ನ ಯಾರಿಗೂ ಗುರುತು ಸಿಗದ ಹಂಗೆ ಮಾಡಿದ್ದು ಸಾಲ್ದಾ? ಮಣ್ಣಾದ ಮೇಲೂ ಅವಳು ಯಾರೋ ಪಾಪ, ಹೊರಗಿನವಳು?"

ನಜ್ಮಿಯ ಮುಖ ಕೆಂಪಾಗುತ್ತದೆ. "ನನ್ನ ಮಗನಿಗೆ ತಿರಾನಾದಲ್ಲಿ ಹೆಣ್ಣು ಗೊತ್ತಾಗಿದೆ. ಬೀಗರು ಅಜ್ಜಿ ಸಮಾಧಿಗೆ ಹೂ ಇಡ್ತೀವಿ ಅಂದಿದಾರೆ. ಅವರಿಗೆ ನಾನು ಅರ್ಬೇರಿ. ಕಲ್ಲಲ್ಲಿ ಬೇರೆ ಇದ್ರೆ ಅರ್ಥ ಕೇಳ್ತಾರೆ. ಏನಂತ ಹೇಳ್ಲಿ?"

"ಹಲ್ಲಣ ಹೊಲಿಯೋರು ಅಂತ ಹೇಳು. ಅವರ ಮನೆತನ ಯಾವ್ದು?"

"ಚೊಬಾನಿ."

ಮೂಲೆಯಲ್ಲಿ ಸ್ತಾವ್ರೆಗೆ ಕೆಮ್ಮು ಬರುತ್ತದೆ. ಚೊಬಾನಿ ಅಂದರೆ ಕುರಿ ಕಾಯುವವರು. "ಪರವಾಗಿಲ್ವಲ್ಲ," ಅನ್ನುತ್ತಾಳೆ ಸೆಲ್ವಿಯೆ. "ಕುರಿ ಕಾಯೋರೇ ಹೆಸರು ಇಟ್ಕೊಂಡಿದಾರೆ, ನಿನಗೇನು ಬಂದಿದೆ ದೊಡ್ಡರೋಗ?"

"ನಿನಗೆ ಗೊತ್ತಿಲ್ಲ ಅಕ್ಕ." ನಜ್ಮಿಯ ದನಿ ಇಳಿದಿದೆ. "ಅಲ್ಲಿ ಹೆಂಗೆ ಕೂಗ್ತಿದ್ರು ಅಂತ ನಿನಗೆ ಗೊತ್ತಿಲ್ಲ."

ದಬ್ಬಣ ಅರ್ಧದಲ್ಲಿ ನಿಲ್ಲುತ್ತದೆ.

"ಗೊತ್ತು. ಆ ಕೂಗು ನಾನೂ ಕೇಳಿದೀನಲ್ಲ, ಹಿಂದಿನ ಬೆಂಚಿಂದ. ನಜ್ಮಿ, ಹೊತ್ತಿದ್ದು ನೀನು. ಹೊತ್ತೋನು ನಾಚ್ಕೋಬೇಕಾಗಿಲ್ಲ, ಹೇರಿದೋನು ನಾಚ್ಕೋಬೇಕು. ಅದನ್ನ ಅವನಿಗೆ ಹೇಳೋರು ಅಲ್ಲಿ ಯಾರೂ ಇರಲಿಲ್ಲ. ನಾನಿದ್ದಿದ್ರೆ ಹೇಳ್ತಿದ್ದೆ."

"ಕಿವೀನೂ ಹಿಂಡ್ತಿದ್ದೆ," ಅನ್ನುತ್ತಾನೆ ನಜ್ಮಿ.

"ಹಿಂಡದೆ ಬಿಡ್ತೀನಾ."

ನಜ್ಮಿ ಕೋಟಿನ ಮೇಲೆ ಹತ್ತಿದ ಹುಲ್ಲಿನ ಎಳೆಯನ್ನು ತೆಗೆದು ಬೆರಳಲ್ಲಿ ಸುತ್ತುತ್ತಾನೆ. ಆಮೇಲೆ ಹೊರಗೆ ಹೋಗಿ ಫೋನ್ ಹಚ್ಚುತ್ತಾನೆ. "ಹೌದು, ಹೈರಿಯೆ. ಹೈರಿಯೆ ಸಮರ್ಜಿ," ಎಂದು ಹೇಳುವುದು ಒಳಗಿನವರಿಗೂ ಕೇಳುತ್ತದೆ. ಕಲ್ಲಿನವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ನಜ್ಮಿ ಇನ್ನೊಮ್ಮೆ, ಗಟ್ಟಿಯಾಗಿ, ಪೇಟೆಗೆ ಪೇಟೆಯೇ ತಿರುಗಿ ನೋಡುವಂತೆ ಹೇಳಬೇಕಾಗುತ್ತದೆ. ಸೆಲ್ವಿಯೆ ಕಣ್ಣೊರೆಸಿಕೊಳ್ಳುತ್ತಾಳೆ, ಹುಲ್ಲಿನ ಧೂಳು ಅಂತ ಯಾರಿಗೂ ಸುಳ್ಳು ಹೇಳುವುದಿಲ್ಲ.

ನಜ್ಮಿ ಮತ್ತೆ ಹೊಸ್ತಿಲಿಗೆ ಬರುತ್ತಾನೆ. "ಅಮ್ಮನಿಗೆ ಮಾತ್ರ. ನಾನು ನನ್ನ ಹೆಸರು ವಾಪಸ್ ಬದಲಾಯಿಸಲ್ಲ, ಈಗಲೇ ಹೇಳಿದೀನಿ."

"ಬೇಡ. ನಾನು ಇಟ್ಕೊಂಡಿರ್ತೀನಿ," ಅನ್ನುತ್ತಾಳೆ ಸೆಲ್ವಿಯೆ, ದಬ್ಬಣಕ್ಕೆ ಹೊಸ ದಾರ ಪೋಣಿಸುತ್ತಾ. "ಬೇಕಾದಾಗ ಬಂದು ತಗೊಂಡು ಹೋಗು."