ಕರುಳು ತೊಳೆಯುವ ಎತೆಲ್ಕಾ

ಜುಲೈ ತಿಂಗಳ ಬೆಳಗಿನ ಜಾವ. ಭೂಗೋಳದ ಈ ದಕ್ಷಿಣ ತುದಿಯಲ್ಲಿ ಇದು ಚಳಿಗಾಲ. ಕೂಮಾದ ನಮ್ಮ ಬೀದಿಯ ಹುಲ್ಲೆಲ್ಲ ಹಿಮ ಕವಿದು ಬೆಳ್ಳಗಾಗಿದೆ. ಚೋರ್ದಾಷ್ ಅವರ ಹಿತ್ತಲಲ್ಲಿ ಆಗಲೇ ಹಂದಿ ಕಡಿದಾಗಿದೆ. ಗಂಡಸರು ಅದರ ಸುತ್ತ ನಿಂತು, ಪ್ಲಮ್ ಸಾರಾಯಿ ಗುಟುಕರಿಸುತ್ತ, ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತಿದ್ದಾರೆ. ಮನೆಯೊಡತಿ ಎತೆಲ್ಕಾ ಮಾತ್ರ ದೂರದ ಬೇಲಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕರುಳು ತೊಳೆಯುತ್ತಿದ್ದಾರೆ.

ನಮ್ಮ ಹಂಗೇರಿಯವರಲ್ಲಿ ಹಂದಿ ಕಡಿಯುವ ದಿನ ಹೆಸರೆಲ್ಲ ಚಾಕು ಹಿಡಿದವನಿಗೆ. ಕರುಳು ತೊಳೆದವಳನ್ನು ಕೇಳುವವರಿಲ್ಲ. ಆದರೆ ಕರುಳು ಸರಿಯಾಗಿ ತೊಳೆಯದಿದ್ದರೆ ಅದರಲ್ಲಿ ಮಾಂಸ ತುಂಬಿ ಮಾಡುವ ಸಾಸೇಜು ನಾರುತ್ತದೆ, ತೂತಿದ್ದರೆ ಒಡೆಯುತ್ತದೆ. ಎತೆಲ್ಕಾ ಅದನ್ನು ಕಡ್ಡಿಗೆ ಏರಿಸಿ ಒಳಮೈ ಹೊರಗೆ ಮಾಡುತ್ತಾರೆ, ಮೊಂಡು ಚಾಕುವಿನಿಂದ ಹೆರೆಯುತ್ತಾರೆ, ಉಪ್ಪು, ವಿನೆಗರ್, ಈರುಳ್ಳಿ ಹಾಕಿ ತಿಕ್ಕುತ್ತಾರೆ. ಕೊನೆಗೆ ಬಾತಿನ ಗರಿಯ ಕೊಳವೆಯಿಂದ ಗಾಳಿ ಊದಿ ತೂತು ಹುಡುಕುತ್ತಾರೆ. ಬೆರಳುಗಳು ಚಳಿಗೆ ಕೆಂಪಾಗಿವೆ.

“ಮೂಗು ಮುಚ್ಕೊಂಡೇ ಬರ್ಕೊಳ್ಳಪ್ಪ,” ಎಂದು, ನಮ್ಮವರ ಪತ್ರಿಕೆಗೆ ಬರೆಯಲು ಬಂದ ನನ್ನ ಕಾಲೆಳೆಯುತ್ತಾರೆ. “ಸಂಜೆ ತಿನ್ನುವಾಗ ಬಿಟ್ರಾಯ್ತು.”

ವಾರವೆಲ್ಲ ಹೋಟೆಲಿನ ಬಟ್ಟೆ ಒಗೆಯುತ್ತಾರೆ. ಚಳಿಗಾಲದ ಶನಿವಾರಗಳಲ್ಲಿ ನಮ್ಮ ಜನರ ಮನೆಮನೆಗೆ ಹೋಗಿ ಕರುಳು ತೊಳೆಯುತ್ತಾರೆ. ಇವತ್ತಿನದು ಮಾತ್ರ ಸ್ವಂತ ಹಂದಿ, ಆರು ವರ್ಷಗಳ ಮೇಲೆ. ಹದಿನಾರರ ಮಗಳು ಮಾರ್ತಾಗೆ ಬೆಳಿಗ್ಗೆಯಿಂದ ಒಂದೇ ಚಿಂತೆ. “ಅಮ್ಮ, ಈ ಸಲ ನಾವೇ ತಿನ್ಕೊಳ್ಳೋಣ. ಯಾರ ಮನೆಗೂ ತಟ್ಟೆ ಕಳಿಸ್ಬೇಡ.”

ಅವಳ ಅಂಜಿಕೆಗೆ ಕಾರಣವಿದೆ. ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಸಂಸಾರ ಊರು ಬಿಟ್ಟಾಗ ಗಾಡಿಯಲ್ಲಿದ್ದದ್ದು ಕೈಗೂಸು ಮಾರ್ತಾ, ಒಂದು ಗರಿಯ ರಜಾಯಿ, ಗಂಡ ವೆಂಡೆಲ್‌ನ ಕಟುಕ ಚಾಕುಗಳು. ಊರಲ್ಲಿ ವೆಂಡೆಲ್‌ನ ಕೈ ಬೀಳದೆ ಯಾರೂ ಹಂದಿ ಕಡಿಸುತ್ತಿರಲಿಲ್ಲ. ಆಸ್ಟ್ರಿಯಾದ ನಿರಾಶ್ರಿತರ ಶಿಬಿರ, ಆಮೇಲೆ ಹಡಗು, ಆಮೇಲೆ ಇಲ್ಲಿನ ಬೊನೆಗಿಲ್ಲಾ ಶಿಬಿರ. ಅದೇ ಹಡಗಿನಲ್ಲಿ ಬಂದ ನನಗೆ ಆ ಚಾಕುಗಳ ಗಂಟು ಚೆನ್ನಾಗಿ ನೆನಪಿದೆ. ಕೂಮಾದಲ್ಲಿ ವೆಂಡೆಲ್‌ಗೆ ಸುರಂಗದ ಕೆಲಸ ಸಿಕ್ಕಿತು. ಮನೆ ಆಯಿತು, ಹಿತ್ತಲಾಯಿತು, ಹಂದಿಯೂ ಬಂತು.

ಸಂತ ತೋಮನ ಹಬ್ಬಕ್ಕೆ ಹಂದಿ ಕಡಿಯಬೇಕು ಎಂಬುದು ಅಜ್ಜಂದಿರ ಕಾಲದ ಪದ್ಧತಿ. ಹಬ್ಬ ಡಿಸೆಂಬರಿನಲ್ಲಿ. ನಮ್ಮೂರಲ್ಲಿ ಆಗ ಬಾವಿಯ ಹಗ್ಗ ಮರಗಟ್ಟಿರುತ್ತದೆ, ಇಲ್ಲಿ ಸುಡುಬಿಸಿಲು. ದೇಶ ಬಿಟ್ಟು ಬಂದರೂ ಪಂಚಾಂಗ ಬಿಡಲಿಲ್ಲ. ಆರು ವರ್ಷದ ಹಿಂದೆ ವೆಂಡೆಲ್ ಹಬ್ಬದ ದಿನವೇ ಕಡಿದ. ಬೇಡ ಅನ್ನಲು ಯಾರಿಗೆ ಬಾಯಿ ಬಂದೀತು? ಎಲ್ಲರ ಬಾಯಲ್ಲೂ ನೀರು.

ಕಡಿದ ದಿನವೇ ಸಂಜೆ ನೆರೆಹೊರೆಗೆಲ್ಲ ರುಚಿ ನೋಡಲು ಒಂದೊಂದು ತಟ್ಟೆ ಹೋಗಬೇಕು. ಹೋಯಿತು. ಆಮೇಲೆ ಮನೆಯಲ್ಲಿ ಉಳಿದ ಸಾಸೇಜನ್ನು ಎತೆಲ್ಕಾ ಮೂಸಿ ನೋಡಿದರು. ಕೆಟ್ಟಿತ್ತು. ಯಾರಾದರೂ ತಿಂದುಬಿಟ್ಟರೆ ಎಂದು ಮನೆಮನೆಗೆ ಓಡಿ ತಟ್ಟೆಗಳನ್ನು ವಾಪಸ್ ಕೇಳಿದರು. ಕೊಟ್ಟ ರುಚಿಯನ್ನು ಯಾರೂ ವಾಪಸ್ ಕೇಳಿದ್ದೇ ಇಲ್ಲ ನಮ್ಮಲ್ಲಿ. ಮೂಲೆಮನೆಯ ಮುದುಕಿ ವೆರೋನ್ ಅತ್ತೆ ಬಾಗಿಲಲ್ಲೇ ಕೇಳಿದ್ದಳು: “ಏನೇ, ಕೊಟ್ಟಿದ್ದು ಜಾಸ್ತಿ ಆಯ್ತು ಅನ್ನಿಸ್ತಾ?”

ಯಾರಿಗೂ ಏನೂ ಆಗಲಿಲ್ಲ. ಆದರೆ ವೆಂಡೆಲ್‌ನನ್ನು ಮತ್ತೆ ಯಾರೂ ಕರೆಯಲಿಲ್ಲ. ಆತ ಚಾಕು ಕಟ್ಟಿಟ್ಟ. “ಕ್ಯಾಲೆಂಡರ್ ನೋಡ್ದೆ, ಸೂರ್ಯನ್ನ ನೋಡ್ಲಿಲ್ಲ,” ಎನ್ನುತ್ತಾನೆ. “ತಪ್ಪು ನಂದು. ಬೀದೀಲಿ ತಲೆ ತಗ್ಗಿಸಿದ್ದು ಇವಳು.” ಎತೆಲ್ಕಾಗೆ ಮಾತ್ರ ಕರೆ ತಪ್ಪಲಿಲ್ಲ, ಕರುಳು ತೊಳೆಯಲು ಬೇರೆ ಯಾರಿಗೆ ಬೇಕಾಗಿದೆ? ಅವರು ಹೋದರು. ನನಗೆ ಇಂದಿಗೂ ಅದು ಸೋಜಿಗ.

ಈ ವರ್ಷ ಮರಿ ತಂದು ಸಾಕಿದವರೂ ಅವರೇ. ಕಳೆದ ವಾರ ಚಾಕುಗಳ ಗಂಟನ್ನು ಗಂಡನ ಮುಂದಿಟ್ಟು, “ತುಕ್ಕು ಹಿಡೀತಾ ಇದೆ, ಮಸೀರಿ,” ಅಂದರಂತೆ.

ಸಂಜೆ ಎತೆಲ್ಕಾ ಮೊದಲ ತಟ್ಟೆಗೆ ಬಟ್ಟೆ ಮುಚ್ಚಿ ನೇರ ಮೂಲೆಮನೆಗೆ ನಡೆಯುತ್ತಾರೆ. ನಾನು ಹಿಂದೆ. ವೆರೋನ್ ಅತ್ತೆ ಬಟ್ಟೆ ಸರಿಸಿ ಮೂಸುತ್ತಾಳೆ.

“ಕಡಿದಿದ್ದು ನಿನ್ನ ಗಂಡಾನಾ?”

“ಹೂಂ ಅತ್ತೆ.”

“ಕರುಳು ತೊಳೆದೋಳು?”

“ನಾನೇ.”

“ಹಾಗಾದ್ರೆ ಕೊಡು ಇತ್ಲಾಗೆ.” ಮುದುಕಿ ನಿಂತಲ್ಲೇ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾಳೆ. “ಮುಂದಿನ ಶನಿವಾರ ನಮ್ಮನೇದು. ವೆಂಡೆಲ್‌ಗೆ ಹೇಳು, ಚಾಕು ತರ್ಲಿ.”

ಕತ್ತಲಾಗುವ ಮೊದಲೇ ಎಲ್ಲ ತಟ್ಟೆಗಳೂ ನೆರೆಹೊರೆಯ ಮನೆಗಳನ್ನು ಸೇರಿವೆ. ಎತೆಲ್ಕಾ ಬರಿಗೈಯಲ್ಲಿ ತಮ್ಮ ಮೆಟ್ಟಿಲ ಮೇಲೆ ಕೂತಿದ್ದಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ.

“ತಟ್ಟೆ ವಾಪಸ್ ಇಸ್ಕೊಳ್ಳೋಕೆ ಈ ಸಲ ನಾನು ಹೋಗಲ್ಲಪ್ಪ,” ಎನ್ನುತ್ತಾರೆ. “ಅವರೇ ತೊಳೆದು ತಂದ್ಕೊಡ್ಲಿ.”