ಅಕ್ಕನ ಗೊಂಬೆಯ ಚಿತ್ರ

ಚನ್ನಪಟ್ಟಣದಲ್ಲಿ ಹುಟ್ಟಿದವರಿಗೆ ಬಣ್ಣ ಅಂದರೆ ಅರಗು. ತಿರುಗುವ ಮರದ ಗೊಂಬೆಗೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ನಮ್ಮಪ್ಪನದು ಅದೇ ಕಸುಬು. ಗೊಂಬೆಗೆ ಒದ್ದೆ ಬಟ್ಟೆ ಬಿದ್ದಷ್ಟೂ ಹೊಳಪು ಅನ್ನುವುದು ನಮ್ಮ ಮನೆಯ ವೇದ.

ಅಕ್ಕನ ಗೊಂಬೆ ಮಾತ್ರ ಅಪ್ಪ ಕಡೆದದ್ದಲ್ಲ. ಅವ್ವನ ತವರಿನಿಂದ ಬಂದ ಹಳೇ ಕಾಲದ್ದು. ಅರಮನೆ ಹೆಂಗಸರ ಹಾಗೆ ತುಂಬುತೋಳಿನ ಕುಪ್ಪಸ, ಜರಿಯಂಚಿನ ಲಂಗ. ಲಂಗ ಹರಿದಾಗ ಅಕ್ಕ ಕೆಂಪು ದಾರದಲ್ಲಿ ಸೊಟ್ಟಸೊಟ್ಟಗೆ ಹೊಲಿದಿದ್ದಳು. ಪಕ್ಕದ ಮನೆಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಅದನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆದರು. ಆ ಹೊಲಿಗೆಯನ್ನೂ ಬಿಡಲಿಲ್ಲ.

"ಅದೊಂದ್ ಬುಟ್ಬುಡಿ ಅಂದಿದ್ನಲ್ಲ ಮೇಷ್ಟ್ರೇ," ಎಂದು ಅಕ್ಕ ಮುಖ ಊದಿಸಿಕೊಂಡಳು. ಚಿತ್ರ ಅವರ ಬಳಿಯೇ ಉಳಿಯಿತು.

ಆ ಚಳಿಗಾಲ ಊರಲ್ಲಿ ಇಲಿ ಬಿದ್ದವು. ಪ್ಲೇಗಿಗೆ ಹೆದರಿ ಊರಾಚೆ ಗುಡಿಸಲು ಹಾಕಿಕೊಂಡರೂ ಅಕ್ಕ ಉಳಿಯಲಿಲ್ಲ. ಅವಳ ಹಾಸಿಗೆ, ಬಟ್ಟೆ, ಗೊಂಬೆ ಎಲ್ಲವನ್ನೂ ಸುಟ್ಟರು. ಗೊಂಬೆಗೂ ಪ್ಲೇಗು ಬರುತ್ತದಾ ಎಂದು ಕೇಳಿ ನಾನು ಏಟು ತಿಂದೆ. ಇವತ್ತೂ ಅದು ಸರಿಯಾದ ಪ್ರಶ್ನೆಯೇ ಎನ್ನುತ್ತೇನೆ.

ಊರಿಗೆ ಮರಳಿದ ಮೇಲೆ ಮೇಷ್ಟ್ರು ಚಿತ್ರ ತಂದುಕೊಟ್ಟರು. ಅಕ್ಕನ ಕೈಗುರುತು ಅಂತ ಲೋಕದಲ್ಲಿ ಉಳಿದದ್ದು ಆ ಕಾಗದದ ಮೇಲಿನ ಕೆಂಪು ಗೆರೆಯೊಂದೇ. ಅವ್ವ ಒಲೆ ಮುಂದಿನಿಂದ ಎದ್ದು ಬಂದು ಅದನ್ನು ನೋಡಿ ಹೋಗುತ್ತಿದ್ದಳು.

ಗೊಂಬೆ ಕೂರಿಸುವ ಮಾರ್ನೋಮಿ ಬಂತು. ಮನೆ ಸಾರಿಸಿ, ಅಪ್ಪ ಮಾಡಿದ ಗೊಂಬೆಗಳನ್ನೆಲ್ಲ ಒರೆಸಿದ ಅವ್ವ, ಹಬ್ಬಕ್ಕೆ ಇವಳೂ ಹೊಳೆಯಲಿ ಎಂದು ಅದೇ ಒದ್ದೆ ಬಟ್ಟೆಯಲ್ಲಿ ಚಿತ್ರವನ್ನೂ ಚೆನ್ನಾಗಿ ತಿಕ್ಕಿದಳು. ಮೇಷ್ಟ್ರದು ನೀರಲ್ಲಿ ಕಲಸಿದ ಬಣ್ಣ. ನಾನು ಬರುವ ಹೊತ್ತಿಗೆ ಕುಪ್ಪಸ, ಜರಿ, ಕೆಂಪು ಗೆರೆ ಎಲ್ಲ ಕಲಸಿಹೋಗಿ ಕಾಗದ ಬಗ್ಗಡವಾಗಿತ್ತು.

"ಒಸಿ ದೂಳು ಕುಂತಿತ್ತು ಕಣವ್ವ, ಅಷ್ಟೇಯ," ಎಂದಳು ಅವ್ವ ನನಗೆ.

ಇನ್ನೊಂದು ಬರೆದುಕೊಡಿ ಎಂದು ಅಪ್ಪ ಮೇಷ್ಟ್ರ ಮುಂದೆ ಕೈಮುಗಿದ. ಗೊಂಬೆಯೇ ಇಲ್ಲ, ಏನು ನೋಡಿ ಬರೆಯಲಿ ಎಂದರು ಅವರು. ನ್ಯಾಯವೇ. ಕಾಗದಕ್ಕೆ ಯಾಕಿಷ್ಟು ರಂಪ ಎಂದು ಬುದ್ಧಿ ಹೇಳಲು ಬಂದ ಕೇರಿಯ ಹೆಂಗಸರನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

ಅವರೆಲ್ಲ ಹೋದ ಮೇಲೆ ಅವ್ವ ಅಪ್ಪನ ಕಡೆ ತಿರುಗಿ ಹೇಳಿದಳು:

"ಮಗೀನ ಪಿಳೇಗು ತಕ್ಕೊಂಡೋಯ್ತು ಅಂತ ಬಯ್ಕೊಂಡ್ ತಿರುಗ್ತಿದ್ದೆ. ಉಳಿದಿದ್ದ ಒಸೀನೂ ನಾನೇ ಒರಸಾಕ್ಬುಟ್ನಲ್ಲ. ಈಗ ಯಾರ್ನ ಬಯ್ಲಿ, ಯೋಳಿ."