ಕಡಿದ ಹದಿನಾರು ರಿಂಗು

ಸಾವಿರದ ಒಂಬೈನೂರ ಐವತ್ತಾರರಲ್ಲಿ ಏಳನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆಮೇಲೆ ನನಗೆ ಕಲಿಸಿದ್ದು ಒಂದು ಹೆಬ್ಬೆರಳು. ಉಗುರಿಲ್ಲದ, ಚಮಚದಂತೆ ಚಪ್ಪಟೆಯಾದ, ತುಕ್ಕಿನ ಬಣ್ಣದ ಆ ಹೆಬ್ಬೆರಳು ಸಾರವಾಡದ ಮೇಸ್ತ್ರಿಯದು. ವಿಜಾಪುರದಲ್ಲಿ ಆಗಷ್ಟೇ ಕಾಂಕ್ರೀಟಿನ ಕಟ್ಟಡಗಳು ಏಳುತ್ತಿದ್ದವು. ಅವುಗಳ ಒಳಗಿನ ಕಬ್ಬಿಣ ಕಟ್ಟುವುದು ನಮ್ಮ ಕೆಲಸ.

ಕಂಬದ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಪ್ರತಿಯೊಂದು ರಿಂಗಿನ ಕೊಕ್ಕೆಯನ್ನೂ ಮೇಸ್ತ್ರಿ ಆ ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಕೊಕ್ಕೆ ಒಳಕ್ಕೆ ಬಾಗಿರದಿದ್ದರೆ ರಿಂಗನ್ನು ನನ್ನ ಕಾಲ ಬುಡಕ್ಕೆ ಎಸೆದು, "ಲಗ್ನ ಆದಮ್ಯಾಲೆ ಇದನ್ನ ಹೇಂತಿ ಮೂಗಿಗೆ ಹಾಕು" ಅನ್ನುತ್ತಿದ್ದರು.

ಎಲ್ಲರೂ ಕಂಬಕ್ಕೆ ರಿಂಗು ಹಾಕುತ್ತಾರೆ, ತೊಲೆಗೂ ಹಾಕುತ್ತಾರೆ. ಎರಡೂ ಕೂಡುವ ಗಂಟಿನಲ್ಲಿ ಮಾತ್ರ ಬಿಟ್ಟುಬಿಡುತ್ತಾರೆ, ಯಾಕೆಂದರೆ ಅಲ್ಲಿ ಸರಳುಗಳ ಗದ್ದಲದಲ್ಲಿ ಕೈ ಹೋಗುವುದಿಲ್ಲ. ಮೇಸ್ತ್ರಿ ಬಿಡುತ್ತಿರಲಿಲ್ಲ. ಕಛ್ ಕಡೆ ದುಡಿಯುತ್ತಿದ್ದಾಗ ಭೂಕಂಪದಲ್ಲಿ ಒಂದು ಕಟ್ಟಡ ಬಿದ್ದದ್ದನ್ನು ಅವರು ಕಂಡಿದ್ದರು. ಒಮ್ಮೆ ಚಹಾದಂಗಡಿಯ ಹಗ್ಗದ ಹೊರಸನ್ನು ಹಿಡಿದು ಅಲುಗಾಡಿಸಿ ತೋರಿಸಿದರು.

"ಕಾಲು ಮುರೀತೇನು? ಇಲ್ಲ. ಪಟ್ಟಿ ಮುರೀತೇನು? ಇಲ್ಲ. ಎರಡೂ ಕೂಡಿದಲ್ಲೇ ಕಿರ್ ಅಂತೈತಿ. ನೆಲ ನಡುಗಿದಾಗ ತೊಲಿ ಒಂದ್ ಕಡೆ ಜಗ್ತೈತಿ, ಕಂಬ ಒಂದ್ ಕಡೆ. ನಡುವಿನ ಗಂಟು ಕತ್ತರ್ಯಾಗ ಸಿಕ್ಕ ಅರಿವಿ ಆಗ್ತೈತಿ, ತಮ್ಮಾ."

ಅರವತ್ತೊಂದರಲ್ಲಿ ಒಂದು ಬಟ್ಟೆ ಅಂಗಡಿಯ ಕೆಲಸ ನಡೆದಿತ್ತು. ಕಬ್ಬಿಣ ಪರ್ಮಿಟ್ ಮೇಲೆ ಸಿಗುತ್ತಿದ್ದ ಕಾಲ. ಗುತ್ತಿಗೆದಾರ ಉಳಿದ ಕಬ್ಬಿಣದ ತೂಕ ಹಾಕಿಸಿದ, ಕಡಿಮೆ ಬಂತು. ನಲವತ್ತು ಮಂದಿ ಕೆಲಸಗಾರರ ಎದುರು ಮೇಸ್ತ್ರಿಯ ರುಮಾಲು ಕಿತ್ತು ಎಸೆದ.

"ಕಳ್ಳ ಸೂಳೆಮಗನ, ಎಲ್ಲಿ ಮಾರಿದಿ?"

"ಮಾರಿಲ್ರಿ. ಗಂಟಿನ್ಯಾಗ ಐತಿ, ಬಂದು ಎಣಿಸ್ರಿ."

ಅವನು ಮೇಲೆ ಹತ್ತಿ ಎಣಿಸಿದ. ನಾಲ್ಕು ಕಂಬ, ಒಂದೊಂದರ ಗಂಟಿಗೆ ನಾಲ್ಕು ರಿಂಗು. ತೂಕ ಸರಿಹೋಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ನಕ್ಷಾದಾಗ ಇಲ್ಲದ್ದು ಹಾಕೂದೂ ಕಳವನ" ಎಂದು ನನ್ನ ಕೈಗೆ ಉಳಿ ಕೊಟ್ಟ. ನಾನು ಕಡಿದೆ. ಹೌದು, ನಾನೇ. ಕೆಲಸ ಹೋದೀತೆಂದು ಹೆದರಿ ಹದಿನಾರನ್ನೂ ಕಡಿದೆ.

ಮೇಸ್ತ್ರಿ ರುಮಾಲು ಝಾಡಿಸಿ ಕಟ್ಟಿಕೊಂಡರು. ನನ್ನನ್ನು ಬೈಯಲಿಲ್ಲ. "ಕಡಿದದ್ದನ್ನ ಆರಿಸಿ ಚೀಲದಾಗ ಇಟ್ಕೋ. ಮರೀಬ್ಯಾಡ" ಅಂದರು, ಅಷ್ಟೇ. ಕಳ್ಳನೆಂಬ ಹೆಸರಿಗೆ ಊರಿನಲ್ಲಿ ಯಾರೂ ಅವರಿಗೆ ಕೆಲಸ ಕೊಡಲಿಲ್ಲ. ಅವರು ಸಾರವಾಡಕ್ಕೆ ಹೋಗಿ ಕೂಲಿ ಮಾಡಿದರು. ನಾನು ತಿಕೋಟಾ, ಬಬಲೇಶ್ವರದ ಕಡೆ ನನ್ನದೇ ಗ್ಯಾಂಗ್ ಕಟ್ಟಿದೆ. ಗುತ್ತಿಗೆದಾರನ ಮುಖವನ್ನು ಒಂದು ದಿನವೂ ಮರೆಯಲಿಲ್ಲ.

ಅರವತ್ತೇಳರ ಚಳಿಗಾಲದಲ್ಲಿ ಪಡುವಣ ಕಡೆಯಿಂದ ನೆಲ ನಡುಗಿತು. ಬೆಳಗಾದ ಕೂಡಲೇ ಆ ಅಂಗಡಿ ನೋಡಲು ಹೋದೆ. ಎರಡು ಕಂಬಗಳ ತಲೆಯಲ್ಲಿ, ಸರಿಯಾಗಿ ಗಂಟಿನಲ್ಲೇ, ಓರೆಯಾಗಿ ಬಿರುಕು ಬಿಟ್ಟಿತ್ತು. ಸುಳ್ಳೇಕೆ, ನನಗೆ ಸಂತೋಷವಾಯಿತು.

ತಿಂಗಳೊಳಗೆ ಗುತ್ತಿಗೆದಾರ ನನ್ನನ್ನು ಹುಡುಕಿಕೊಂಡು ತಿಕೋಟಾಕ್ಕೆ ಬಂದ. "ನನ್ನ ಸ್ವಂತ ಮನಿ ಕಟ್ಟಿಸಾಕತ್ತೇನಿ. ಗಂಟಿಗೆ ರಿಂಗ್ ನೀನ ಹಾಕಬೇಕಪಾ."

"ಹಾಕ್ತೀನ್ರಿ. ಮೊದಲ ಸಾರವಾಡಕ್ಕ ನಡೀರಿ."

ಮೇಸ್ತ್ರಿ ದಮ್ಮು ಹತ್ತಿ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದರು. ನಾನು ಓಣಿಯವರನ್ನೆಲ್ಲ ಕರೆದೆ. ನಲವತ್ತು ಮಂದಿ ಕೂಡುವವರೆಗೆ ಅವನನ್ನು ಬಿಸಿಲಿನಲ್ಲಿ ನಿಲ್ಲಿಸಿದೆ.

"ಈಂವ ಕಳ್ಳ ಅಲ್ಲ" ಎಂದು ಅವನು ಗೊಣಗಿದ.

ಮೇಸ್ತ್ರಿ ಕಿವಿಗೆ ಕೈ ಹಚ್ಚಿದರು. "ಕೇಳ್ಸಲಿಲ್ಲ, ಸಾವ್ಕಾರ್ರ. ಅವತ್ತ ನಿಮ್ಮ ದನಿ ಚಲೋ ಇತ್ತಲ್ಲ?"

ಓಣಿಯೆಲ್ಲ ನಕ್ಕಿತು. ಮೂರು ಸಲ ಹೇಳಿಸಿದರು. ಮೂರನೆಯದು ಬಸ್ ನಿಲ್ಲುವ ಕಟ್ಟೆಯವರೆಗೂ ಕೇಳಿಸಿತು.

ಅವನು ಹೋದ ಮೇಲೆ, "ಅಂವನ ಮನಿ ಕೆಲಸಾ ಮಾಡೂದಿಲ್ಲ ಬಿಡ್ರಿ, ಕಾಕಾ" ಅಂದೆ.

"ಹುಚ್ಚಪ್ಯಾಲಿ. ಆ ಮನ್ಯಾಗ ಕೂಸುಗೋಳು ಮಲಗ್ತಾವ. ಕೊಕ್ಕಿ ಒಳಗ ಮಡಚಿ ಹಾಕು. ಆದ್ರ ಅಂವನ ಮನಿ ನೀರು ಕುಡೀಬ್ಯಾಡ."

ಹಾಗೆಯೇ ಮಾಡಿದೆ. ನಾಲ್ಕು ತಿಂಗಳು ತಿಕೋಟಾದಿಂದ ನನ್ನ ನೀರು ನಾನೇ ಹೊತ್ತೆ. ಅವನ ಹೆಂಡತಿ ತಂಬಿಗೆ ಹಿಡಿದು ಬಂದಾಗಲೆಲ್ಲ, ಅವನು ನೋಡುತ್ತಿರುವಂತೆ, ಬೇಡವೆಂದೆ. ಆ ಮನೆಗೆ ಸ್ಲ್ಯಾಬ್ ಹಾಕುವ ಮೊದಲೇ ಮೇಸ್ತ್ರಿ ತೀರಿಕೊಂಡರು. ಕಡಿದದ್ದಕ್ಕೆ ಅವರ ಕ್ಷಮೆ ಕೇಳುವುದು ನನ್ನಿಂದ ಆಗಲೇ ಇಲ್ಲ.

ಈಗ ನನಗೆ ತಿಕೋಟಾದಲ್ಲಿ ಮೂರು ಖೋಲಿಯ ಮನೆ ಇದೆ, ಅದರ ಪ್ರತಿ ಗಂಟಿಗೂ ರಿಂಗಿದೆ. ಸರಳು ಬಗ್ಗಿಸುವ ಚಾವಿಗಳು ಎಂಟು, ಅದರಲ್ಲಿ ಎರಡು ಅವರವು. ಉಳಿ ಒಂದು. ಕಡಿದ ರಿಂಗು ಹದಿನಾರು.